ಮಾಡುವವನೂ ಮುಟ್ಟಿಸುವವನೂ

ಒಂದು ಕಾರ್ಯವು ಸಿದ್ಧಿಸಿತೆಂದು ಲೋಕವು ಹೇಳುವಾಗ, ಆ ಸಿದ್ಧಿಯು ಯಾರದು ಎಂಬುದನ್ನು ಸಾಮಾನ್ಯವಾಗಿ ವಿಚಾರಿಸುವುದಿಲ್ಲ. ಬೆಳೆ ಚೆನ್ನಾಗಿ ಬಂದರೆ ರೈತನ ಪುಣ್ಯ, ಅಂಗಡಿ ತುಂಬಿದರೆ ವರ್ತಕನ ಜಾಣತನ ಎಂದು ಹೇಳಿ ಮುಗಿಸುವುದುಂಟು. ಆದರೆ ಕೆಲವು ವಸ್ತುಗಳಲ್ಲಿ ಮಾಡಿದವನ ಪಾಲೆಷ್ಟು, ಅದನ್ನು ಜನರಿಗೆ ಮುಟ್ಟಿಸಿದವನ ಪಾಲೆಷ್ಟು ಎಂಬುದು ಸುಲಭವಾಗಿ ಬಿಡಿಸಲಾಗದ ಗಂಟು. ಚಲಚ್ಚಿತ್ರವು ಅಂತಹ ವಸ್ತುಗಳಲ್ಲಿ ಮುಖ್ಯವಾದುದು. ಚಿತ್ರವೊಂದರ ಗೆಲವಿಗೆ ಕಾರಣ ಅದರ ನಿರ್ಮಾಣವೇ, ಅಥವಾ ಇಂದಿನ ವ್ಯವಹಾರಸ್ಥರು ಮಾರ್ಕೆಟಿಂಗ್ ಎಂದು ಕರೆಯುವ ಪ್ರಚಾರವೂ ಹಂಚಿಕೆಯೂ ಆಗಿವೆಯೇ? ಇದು ಬರಿಯ ಲಾಭನಷ್ಟದ ಲೆಕ್ಕವಾಗಿದ್ದರೆ ಬೆಂಗಳೂರಿನ ಗಾಂಧಿನಗರದ ಕಚೇರಿಗಳಿಗೆ ಬಿಟ್ಟುಬಿಡಬಹುದಾಗಿತ್ತು. ಆದರೆ ಇದರೊಳಗೆ ಧರ್ಮದ ಪ್ರಶ್ನೆಯೊಂದು ಅಡಗಿದೆ. ಒಳ್ಳೆಯದು ತನ್ನ ಬಲದಿಂದಲೇ ಗೆಲ್ಲುವುದೆ? ಗೆಲ್ಲದಿದ್ದಲ್ಲಿ ಆ ಸೋಲಿನ ಹೊಣೆ ಯಾರದು?

ಮೈಸೂರಿನ ಗೋಕುಲಂ ಬಡಾವಣೆಯವರಿಗೆ ಈ ಪ್ರಶ್ನೆಯು ದೂರದ್ದಲ್ಲ. ಅಲ್ಲಿಗೆ ಸಮೀಪದಲ್ಲಿ, ಹುಣಸೂರು ರಸ್ತೆಯ ಬದಿಗೆ, ಪ್ರೀಮಿಯರ್ ಸ್ಟುಡಿಯೋ ಎಂಬ ಚಿತ್ರಶಾಲೆಯಿದ್ದಿತು. ಕನ್ನಡದ ಮೊದಲ ಮಾತಿನ ಚಿತ್ರಗಳು ಕೊಲ್ಲಾಪುರ, ಮದರಾಸು, ಕೊಯಮತ್ತೂರುಗಳಿಗೆ ಹೋಗಿ ತಯಾರಾಗಬೇಕಾಗಿದ್ದ ಕಾಲವನ್ನು ನೆನೆದರೆ, ಕನ್ನಡದ ನೆಲದಲ್ಲಿಯೇ ಚಿತ್ರ ತೆಗೆಯುವ ಅನುಕೂಲವು ಎಷ್ಟು ದೊಡ್ಡದೆಂಬುದು ತಿಳಿಯುವುದು. ೧೯೮೯ನೆಯ ಫೆಬ್ರವರಿ ೮ರಂದು ಆ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನನ ಕಥೆಯ ಧಾರಾವಾಹಿಯನ್ನು ತೆಗೆಯುತ್ತಿದ್ದಾಗ ಬೆಂಕಿ ಬಿದ್ದು ೬೨ ಮಂದಿ ಮಡಿದರು. ಧಾರಾವಾಹಿಯು ಮರುವರ್ಷ ದೂರದರ್ಶನದಲ್ಲಿ ಪ್ರಸಾರವಾಯಿತು. ದೇಶದ ಮನೆಮನೆಗಳಲ್ಲಿ ಆಗ ಇದ್ದುದು ಆ ಒಂದೇ ದಾರಿ. ಆದುದರಿಂದ ಅದನ್ನು ಮುಟ್ಟಿಸಲು ಯಾರೂ ಶ್ರಮಪಡಬೇಕಾಗಿರಲಿಲ್ಲ. ನೋಡಿದವರು ಅಸಂಖ್ಯಾತರು, ಮಡಿದವರ ಹೆಸರುಗಳನ್ನು ಬಲ್ಲವರು ಅವರ ಮನೆಯವರಲ್ಲದೆ ಮತ್ತೆಷ್ಟು ಮಂದಿ? ನಿರ್ಮಾಣವೆಂಬುದು ಕಾಗದದ ಮೇಲಿನ ಒಂದು ಬಾಬತ್ತಲ್ಲ. ಬೆವರಿನಿಂದಲೂ ಕೆಲವು ವೇಳೆ ಪ್ರಾಣದಿಂದಲೂ ತೆರುವ ಬೆಲೆಯೆಂಬುದಕ್ಕೆ ಆ ಸ್ಥಳವೇ ಸಾಕ್ಷಿ.

ನಿರ್ಮಾಣದ ಪಕ್ಷದವರು ತಮ್ಮ ವಾದವನ್ನು ಇಲ್ಲಿಂದಲೇ ಆರಂಭಿಸುವರು. ಕಥೆ, ನಟನೆ, ಬೆಳಕು, ಸಂಗೀತ, ಸಂಕಲನ ಇವುಗಳಿಲ್ಲದೆ ಹಂಚಲು ಏನಿದೆ? ಬರಿಯ ಡಬ್ಬವನ್ನು ಊರೂರಿಗೆ ಹೊತ್ತು ತಿರುಗಿದರೆ ಯಾರು ಮೆಚ್ಚುವರು? ಮಾಡಿದವನು ಮೂಲ, ಸಾಗಿಸಿದವನು ಕೇವಲ ವಾಹಕ. ಹಣ್ಣಿನ ರುಚಿಗೆ ಮರವು ಕಾರಣವೇ ಹೊರತು ಬುಟ್ಟಿಯಲ್ಲ. ಈ ವಾದವು ನ್ಯಾಯವಾಗಿಯೇ ತೋರುವುದು. ಆಡದೆ ಮಾಡುವವನನ್ನು ಉತ್ತಮನೆಂದೂ, ಆಡಿ ಮಾಡುವವನನ್ನು ಮಧ್ಯಮನೆಂದೂ, ಆಡಿಯೂ ಮಾಡದವನನ್ನು ಅಧಮನೆಂದೂ ಎಣಿಸುವ ಸಂಸ್ಕಾರದಲ್ಲಿ ಬೆಳೆದ ಕನ್ನಡಿಗನಿಗಂತೂ ಇದು ಸಹಜವಾದ ತೀರ್ಪು. ತನ್ನ ಕೆಲಸವನ್ನು ತಾನೇ ಸಾರಿಕೊಳ್ಳುವುದೆಂದರೆ ಈ ನಾಡಿನಲ್ಲಿ ಇಂದಿಗೂ ಸ್ವಲ್ಪ ಸಂಕೋಚವುಂಟು.

ಆದರೆ ಹಂಚಿಕೆಯ ಪಕ್ಷದವರ ಬಳಿಯೂ ಬಲವಾದ ನಿದರ್ಶನಗಳಿವೆ. ಕನ್ನಡದಲ್ಲಿ ಮೊದಲು ತಯಾರಿಗೆ ತೊಡಗಿದ ಮಾತಿನ ಚಿತ್ರ ‘ಭಕ್ತ ಧ್ರುವ’ ಎನ್ನುವರು. ಮೊದಲು ಪ್ರೇಕ್ಷಕರ ಮುಂದೆ ಬಂದುದು ‘ಸತಿ ಸುಲೋಚನ’. ವೈ. ವಿ. ರಾಯರು ನಿರ್ದೇಶಿಸಿ, ಆರ್. ನಾಗೇಂದ್ರರಾಯರೂ ಸುಬ್ಬಯ್ಯನಾಯ್ಡುಗಳೂ ಅಭಿನಯಿಸಿದ ಈ ಚಿತ್ರವನ್ನು ಕೊಲ್ಲಾಪುರದಲ್ಲಿ ತೆಗೆದು, ೧೯೩೪ನೆಯ ಮಾರ್ಚ್ ೩ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೋರಿಸಿದರು. ಎರಡು ಚಿತ್ರಗಳೂ ಅದೇ ವರ್ಷದವು. ಆದರೂ ‘ಮೊದಲನೆಯದು’ ಎಂಬ ಹೆಸರು ತೆರೆಯ ಮೇಲೆ ಮೊದಲು ಬೆಳಗಿದುದಕ್ಕೆ ಸಂದಿತು, ಮೊದಲು ಕೈಹಚ್ಚಿದುದಕ್ಕಲ್ಲ. ಚರಿತ್ರೆಯು ಹುಟ್ಟನ್ನು ಎಣಿಸಲಿಲ್ಲ, ಭೇಟಿಯನ್ನು ಎಣಿಸಿತು.

ಗೋಕುಲಂನಲ್ಲಿಯೇ ಇನ್ನೊಂದು ನಿದರ್ಶನವುಂಟು. ಅದು ಚಿತ್ರಕ್ಕೆ ಸಂಬಂಧಿಸಿದುದಲ್ಲವಾದರೂ ವಿಷಯಕ್ಕೆ ಸಂಬಂಧಿಸಿದುದು. ಯೋಗಶಿಕ್ಷಕ ಪಟ್ಟಾಭಿ ಜೋಯಿಸರು ೧೯೪೮ರಿಂದ ಮೈಸೂರಿನ ಲಕ್ಷ್ಮೀಪುರಂನಲ್ಲಿ ಪಾಠ ಹೇಳುತ್ತಿದ್ದರು. ೧೯೬೪ರಲ್ಲಿ ಬೆಲ್ಜಿಯಂ ದೇಶದ ವ್ಯಾನ್ ಲೈಸೆಬೆತ್ ಎಂಬಾತನು ಬಂದು ಕಲಿತು, ತನ್ನ ಪುಸ್ತಕದಲ್ಲಿ ಅವರನ್ನು ಹೆಸರಿಸಿದ ಮೇಲೆ ಪಾಶ್ಚಾತ್ಯರು ಆ ವಿಳಾಸವನ್ನು ಹುಡುಕಿಕೊಂಡು ಬರತೊಡಗಿದರು. ೨೦೦೨ರಲ್ಲಿ ಶಾಲೆಯು ಗೋಕುಲಂನ ವಿಶಾಲವಾದ ಕಟ್ಟಡಕ್ಕೆ ಬಂದಿತು. ಬಡಾವಣೆಯ ರೂಪವೇ ಬದಲಾಯಿತು. ೧೯೬೩ರಲ್ಲಿ ಹೇಳುತ್ತಿದ್ದ ಪಾಠಕ್ಕೂ ೧೯೬೫ರಲ್ಲಿ ಹೇಳುತ್ತಿದ್ದ ಪಾಠಕ್ಕೂ ಎಷ್ಟು ಭೇದವಿದ್ದೀತು? ಬದಲಾದುದು ವಿದ್ಯೆಯಲ್ಲ, ವಿದ್ಯೆಯ ಸುದ್ದಿ. ಹೀಗಿರಲು ಸಾಗಿಸುವವನನ್ನು ಕೇವಲ ಬುಟ್ಟಿಯೆಂದು ತಳ್ಳಿಬಿಡುವುದು ಹೇಗೆ?

ಕನ್ನಡದ ಪರಂಪರೆಯೂ ಹಾಗೆ ತಳ್ಳಿಬಿಡಲಿಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಓಲೆಗರಿಯ ಮೇಲೆ ಕಂಠದಿಂದ ಒಂದೊಂದಕ್ಷರವನ್ನೂ ಕೊರೆದು ಬರೆಯಬೇಕಾಗಿದ್ದ ಕಾಲದಲ್ಲಿ ಸಾವಿರ ಪ್ರತಿ! ಅವಳು ಕಾವ್ಯವನ್ನು ಬರೆದವಳಲ್ಲ. ಆದರೂ ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಕವಿಗಳ ಸಾಲಿನ ಪಕ್ಕದಲ್ಲಿಯೇ ಅವಳಿಗೆ ಸ್ಥಾನವುಂಟು. ಕುಮಾರವ್ಯಾಸನ ಭಾರತವನ್ನು ಅಕ್ಷರ ಬಾರದ ಮನೆಗಳಿಗೆ ಮುಟ್ಟಿಸಿದವರು ಗಮಕಿಗಳು. ಗಮಕಿಯು ಬರಿಯ ವಾಹಕನಲ್ಲ. ಎಲ್ಲಿ ನಿಲ್ಲಬೇಕು, ಯಾವ ಪದವನ್ನು ಒತ್ತಬೇಕು, ಯಾವ ಊರಿನವರಿಗೆ ಯಾವ ಸಂಧಿ ಹಿಡಿಸುವುದು ಎಂಬುದನ್ನು ಅವನು ಬಲ್ಲವನಾಗಿರಬೇಕು. ಆಲಂಕಾರಿಕರು ರಸವು ಸಹೃದಯನ ಹೃದಯದಲ್ಲಿ ನಿಷ್ಪನ್ನವಾಗುವುದೆಂದು ಹೇಳಿದರು. ಹಾಗಿದ್ದಲ್ಲಿ ಸಹೃದಯನನ್ನು ಸೇರದೆ ಡಬ್ಬದಲ್ಲಿ ಕುಳಿತ ಚಿತ್ರವು ಇನ್ನೂ ಪೂರ್ತಿಯಾಗಿ ಹುಟ್ಟಲಿಲ್ಲವೆಂದೇ ಹೇಳಬೇಕಾಗುವುದು. ಮುಟ್ಟಿಸುವ ಕೆಲಸವು ಕಲೆಯಿಂದ ಹೊರಗಿನದಲ್ಲ. ಅದರ ಕಡೆಯ ಘಟ್ಟ.

ಇಷ್ಟನ್ನು ಒಪ್ಪಿದ ಮೇಲೆ, ಆ ಘಟ್ಟದಲ್ಲಿ ನಡೆಯುವುದೆಲ್ಲವೂ ಧರ್ಮವೆಂದು ಒಪ್ಪಬೇಕಾಗಿಲ್ಲ. ಭಾರತದ ಚಿತ್ರೋದ್ಯಮದ ಆರಂಭದ ದಿನಗಳ ಒಂದು ಪ್ರಸಂಗವು ಇಲ್ಲಿ ಸ್ಮರಣೀಯವಾಗಿದೆ. ದಾದಾಸಾಹೇಬ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ವು ೧೯೧೩ರ ಮೇ ೩ರಂದು ಮುಂಬಯಿಯಲ್ಲಿ ತೆರೆ ಕಂಡಿತು. ಆ ಬಳಿಕ ಅವರು ಸೂರತ್ತಿಗೆ ಹೋದಾಗ ಮೊದಲ ಪ್ರದರ್ಶನದ ಗಳಿಕೆ ಮೂರು ರೂಪಾಯಿಯಷ್ಟೇ ಆಯಿತೆಂದು ಚರಿತ್ರೆಕಾರರು ಬರೆದಿದ್ದಾರೆ. ಎರಡಾಣೆಗೆ ಆರು ಗಂಟೆಯ ನಾಟಕ ನೋಡುತ್ತಿದ್ದ ಊರಿನವರು, ಮೂರಾಣೆ ಕೊಟ್ಟು ಒಂದೂವರೆ ಗಂಟೆಯ ಚಿತ್ರವನ್ನು ನೋಡಲು ಒಪ್ಪಲಿಲ್ಲ. ಆಗ ಫಾಲ್ಕೆಯವರು ೫೭,೦೦೦ ಛಾಯಾಚಿತ್ರಗಳ, ಎರಡು ಮೈಲಿ ಉದ್ದದ ಆಟವು ಮೂರೇ ಆಣೆಗೆ ಎಂದು ಸಾರಿದರು, ಜನರು ನುಗ್ಗಿದರು. ಈಗ ಲೆಕ್ಕವನ್ನು ನೋಡಬೇಕು. ಫಿಲ್ಮಿನಲ್ಲಿ ಅಡಿಗೆ ೧೬ ಚಿತ್ರಗಳು. ೫೭,೦೦೦ ಚಿತ್ರಗಳ ಸುರುಳಿಯು ೩,೬೦೦ ಅಡಿಯನ್ನೂ ಮುಟ್ಟದು. ಮೈಲಿಗಾದರೋ ೫,೨೮೦ ಅಡಿ. ಎರಡು ಮೈಲಿಯ ಮಾತು ಅಂತಿರಲಿ, ಒಂದು ಮೈಲಿಯೂ ಆಗದು. ಸತ್ಯಕ್ಕಾಗಿ ರಾಜ್ಯವನ್ನೂ ಹೆಂಡತಿಮಕ್ಕಳನ್ನೂ ಬಿಟ್ಟವನ ಚಿತ್ರಕ್ಕೆ ಪ್ರೇಕ್ಷಕರನ್ನು ಕರೆತರಲು ಒಂದು ಅತಿಶಯೋಕ್ತಿ ಬೇಕಾಯಿತು!

ಇದನ್ನು ಸುಳ್ಳೆಂದು ಖಂಡಿಸಬೇಕೋ, ಚಮತ್ಕಾರವೆಂದು ಮನ್ನಿಸಬೇಕೋ? ಸೂರತ್ತಿನವರಿಗೆ ಮೋಸವಾಯಿತೆ ಎಂಬುದೇ ಇಲ್ಲಿ ಒರೆಗಲ್ಲು. ಅವರು ಉದ್ದವನ್ನು ನಂಬಿ ಬಂದರು, ಕಂಡುದು ಹರಿಶ್ಚಂದ್ರನನ್ನು. ಹಣ ಕೊಟ್ಟವನಿಗೆ ಹಣಕ್ಕಿಂತ ಹೆಚ್ಚಿನದು ದೊರೆತರೆ ಅವನು ಅಳತೆಪಟ್ಟಿ ಹಿಡಿದು ಹಿಂದಿರುಗುವುದಿಲ್ಲ. ಪ್ರಚಾರವೆಂಬುದು ಸಾಲಪತ್ರದಂತೆ. ನಿರ್ಮಾಪಕನ ಹೆಸರಿನಲ್ಲಿ ಪ್ರಚಾರಕನು ಬರೆದುಕೊಡುವ ಸಾಲ ಅದು. ತೀರಿಸಬೇಕಾದುದು ತೆರೆಯ ಮೇಲೆ. ತೀರುವಷ್ಟು ಬರೆದವನು ವ್ಯವಹಾರಸ್ಥ, ತೀರದೆಂದು ತಿಳಿದೂ ಬರೆದವನು ವಂಚಕ. ಗೋಕುಲವೆಂಬ ಹೆಸರೇ ನೆನಪಿಗೆ ತರುವ ಪುರಾಣದ ಹಳ್ಳಿಯಲ್ಲಿ ಕರೆದ ಹಾಲುಮೊಸರು ಮಥುರೆಯ ಪೇಟೆಯನ್ನು ಸೇರಬೇಕಾಗಿದ್ದಿತು. ಹೊತ್ತು ಒಯ್ಯುವವಳಿಲ್ಲದಿದ್ದರೆ ಹಾಲು ಕೆಡುವುದು ನಿಜ. ಹೊತ್ತವಳು ನೀರು ಬೆರೆಸಿದರೆ ಕೆಡುವುದು ಹಸುವಿನ ಹೆಸರು.

ಪ್ರಚಾರವು ನಿಜವಾಗಿ ಏನನ್ನು ಕೊಡಬಲ್ಲುದು, ಏನನ್ನು ಕೊಡಲಾರದು ಎಂಬುದನ್ನು ಚಿತ್ರಮಂದಿರದ ವ್ಯವಹಾರವನ್ನು ನೋಡಿದರೆ ತಿಳಿಯುವುದು. ಫಿಲ್ಮಿನ ಕಾಲದಲ್ಲಿ ಪ್ರತಿಗಳಿಗೆ ಬೆಲೆ ಬಹಳ. ಎರಡೂವರೆ ಗಂಟೆಯ ಚಿತ್ರಕ್ಕೆ ಸುಮಾರು ೧೩,೫೦೦ ಅಡಿ ಫಿಲ್ಮು ಬೇಕು. ಆದುದರಿಂದ ಕೆಲವೇ ಪ್ರತಿಗಳನ್ನು ತೆಗೆಸಿ, ಮೊದಲು ಬೆಂಗಳೂರು ಮೈಸೂರುಗಳಲ್ಲಿ, ಬಳಿಕ ಜಿಲ್ಲೆಯ ಪಟ್ಟಣಗಳಲ್ಲಿ, ಕಡೆಗೆ ಟೂರಿಂಗ್ ಟಾಕೀಸಿನ ಡೇರೆಗಳಲ್ಲಿ ತೋರಿಸುತ್ತಿದ್ದರು. ಆಗ ಸುದ್ದಿಯು ಮುಂದೆ ನಡೆಯುತ್ತಿತ್ತು, ಚಿತ್ರವು ಹಿಂದೆ ಬರುತ್ತಿತ್ತು. ಪಟ್ಟಣದಲ್ಲಿ ನೋಡಿಬಂದ ನೆಂಟನು ಹೇಳಿದ ಮಾತೇ ಹಳ್ಳಿಯಲ್ಲಿ ಜಾಹೀರಾತು. ಇಂದು ಡಬ್ಬವೂ ಇಲ್ಲ, ಪ್ರತಿಯೂ ಇಲ್ಲ; ಒಂದೇ ಶುಕ್ರವಾರ ನೂರಾರು ತೆರೆಗಳ ಮೇಲೆ ಚಿತ್ರವು ಬೀಳುವುದು. ನೆಂಟನ ಮಾತು ಬರುವುದಕ್ಕೆ ಮೊದಲೇ ಚಿತ್ರವು ಬಂದಿರುವುದು. ಮಾತು ಬಂದು ಮುಟ್ಟುವಷ್ಟರಲ್ಲಿ ಅನೇಕವೇಳೆ ಎತ್ತಂಗಡಿಯಾಗಿರುವುದು. ಇದರ ಮೇಲೆ ಬಾಡಿಗೆಯ ಪದ್ಧತಿ ಬೇರೆ. ಕರ್ನಾಟಕದ ಎಷ್ಟೋ ಚಿತ್ರಮಂದಿರಗಳಲ್ಲಿ ಕನ್ನಡ ನಿರ್ಮಾಪಕನು ಗಳಿಕೆಯಲ್ಲಿ ಶೇಕಡಾವಾರು ಪಾಲು ಕೊಡುವುದರ ಬದಲು ವಾರಕ್ಕಿಷ್ಟೆಂದು ಬಾಡಿಗೆ ತೆರುವ ರೂಢಿ ಬಹುಕಾಲದಿಂದ ನಡೆದುಬಂದಿದೆ. ಕುರ್ಚಿಗಳು ತುಂಬಲಿ ಖಾಲಿಯಿರಲಿ, ಬಾಡಿಗೆ ತಪ್ಪದು. ಎರಡನೆಯ ವಾರದಲ್ಲಿ ಮೆಲ್ಲನೆ ಚೇತರಿಸಿಕೊಳ್ಳಬಹುದಾದ ಚಿತ್ರಕ್ಕೆ ಆ ಎರಡನೆಯ ವಾರವೇ ದೊರೆಯುವುದಿಲ್ಲ.

ಹಾಗಾದರೆ ಪ್ರಚಾರವು ಚಿತ್ರಕ್ಕೆ ಗುಣವನ್ನು ಕೊಡುವುದಿಲ್ಲ, ಕಾಲವನ್ನು ಕೊಡುವುದು. ಮೊದಲ ಮೂರು ದಿನ ಜನರನ್ನು ಕರೆತಂದು, ಚಿತ್ರವು ತನ್ನ ಮಾತನ್ನು ತಾನೇ ಆಡಿಕೊಳ್ಳುವಷ್ಟು ಅವಕಾಶವನ್ನು ಅದು ಕೊಂಡುಕೊಡಬಲ್ಲುದು. ಆ ಅವಕಾಶದಲ್ಲಿ ಏನು ಮೊಳೆಯುವುದೆಂಬುದು ಬೀಜಕ್ಕೆ ಸೇರಿದುದು. ೧೯೭೨ರ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ನಡೆಯಿತು. ೨೦೦೬ರ ಡಿಸೆಂಬರಿನ ಕೊನೆಗೆ ಬಂದ ‘ಮುಂಗಾರು ಮಳೆ’ ಅದೇ ನಗರದ ಬಹುತೆರೆಯ ಮಂದಿರದಲ್ಲಿ ವರ್ಷಕ್ಕೂ ಮಿಕ್ಕಿ ನಿಂತಿತು. ಭಿತ್ತಿಪತ್ರವು ಒಬ್ಬ ಮನುಷ್ಯನನ್ನು ಒಂದು ಸಲ ಕರೆತರಬಹುದು. ಎರಡನೆಯ ಸಲ ತಾಯಿಯನ್ನೂ ಮೂರನೆಯ ಸಲ ನೆರೆಮನೆಯವರನ್ನೂ ಕರೆದುಕೊಂಡು ಬಾ ಎಂದು ಅವನಿಗೆ ಹೇಳುವುದು ಚಿತ್ರವೇ ಹೊರತು ಭಿತ್ತಿಪತ್ರವಲ್ಲ.

ಇತ್ತೀಚಿನ ಎರಡು ಚಿತ್ರಗಳನ್ನು ಹೋಲಿಸಿದರೆ ವಿಷಯವು ಇನ್ನೂ ಸ್ಪಷ್ಟವಾಗುವುದು. ೨೦೧೮ರ ಡಿಸೆಂಬರಿನಲ್ಲಿ ಬಂದ ‘ಕೆ.ಜಿ.ಎಫ್.’ ಚಿತ್ರವನ್ನು ಮೊದಲಿನಿಂದಲೇ ಐದು ಭಾಷೆಗಳಲ್ಲಿ ಹಂಚುವ ಯೋಜನೆಯೊಂದಿಗೆ ಹೊರತಂದರು. ೨೦೨೨ರ ಸೆಪ್ಟೆಂಬರ್ ೩೦ರಂದು ಬಂದ ‘ಕಾಂತಾರ’ವಾದರೋ ಮೊದಲು ಕನ್ನಡದಲ್ಲಿ ಮಾತ್ರ ಇದ್ದಿತು, ನೋಡಿದವರ ಮಾತು ಹಬ್ಬಿದ ಬಳಿಕ, ಎರಡು ವಾರ ಕಳೆದು, ಇತರ ಭಾಷೆಗಳಿಗೆ ಹೋಯಿತು. ನಿರ್ಮಾಣದ ಪಕ್ಷದವರು ಇದನ್ನು ತಮ್ಮ ಜಯವೆಂದು ಎತ್ತಿ ತೋರಿಸುವರು. ಆದರೆ ಎರಡನ್ನೂ ಹೊರತಂದುದು ಹೊಂಬಾಳೆ ಎಂಬ ಒಂದೇ ಸಂಸ್ಥೆ. ಮೊದಲ ಚಿತ್ರಕ್ಕಾಗಿ ಕಡಿದ ಹಾದಿ ಎರಡನೆಯದಕ್ಕೆ ಸಿದ್ಧವಾಗಿದ್ದಿತು. ಬಾಯಿಮಾತು ತನ್ನ ಕಾಲಿನಿಂದಲೇ ನಡೆಯಿತು, ನಿಜ. ನಡೆದುದು ಬೇರೆಯವರು ಹಾಕಿದ ರಸ್ತೆಯ ಮೇಲೆ.

ಇಲ್ಲಿಗೆ ಪ್ರಶ್ನೆಯ ಕಠಿಣವಾದ ಭಾಗವು ಎದುರಾಗುವುದು. ‘ಒಳ್ಳೆಯ ಚಿತ್ರವು ಹೇಗಾದರೂ ಗೆಲ್ಲುವುದು’ ಎಂಬ ನಂಬಿಕೆಯು ಸಮಾಧಾನಕರವಾದುದು. ಆದರೆ ಅದನ್ನು ಪರೀಕ್ಷಿಸುವ ಬಗೆಯೇ ಇಲ್ಲ. ಗೆದ್ದ ಒಳ್ಳೆಯವು ಮಾತ್ರ ಕಣ್ಣಿಗೆ ಬೀಳುವುವು. ಸೋತ ಒಳ್ಳೆಯವನ್ನು ಯಾರೂ ನೋಡಿಲ್ಲವಾದುದರಿಂದ ಅವು ಒಳ್ಳೆಯವೆಂದು ಹೇಳುವವರೂ ಇಲ್ಲ. ಎಲೆಮರೆಯ ಕಾಯಿಯನ್ನು ಎಣಿಸುವ ಗಣಿತವು ಇನ್ನೂ ಹುಟ್ಟಿಲ್ಲ. ‘ತಿಥಿ’ ಎಂಬ ಚಿತ್ರವನ್ನು ಮಂಡ್ಯ ಜಿಲ್ಲೆಯ ಹಳ್ಳಿಯಲ್ಲಿ, ಹಳ್ಳಿಯವರನ್ನೇ ನಟರನ್ನಾಗಿ ಮಾಡಿಕೊಂಡು, ಅವರ ಆಡುಮಾತಿನಲ್ಲಿಯೇ ತೆಗೆದರು. ಅದು ೨೦೧೫ರ ಆಗಸ್ಟಿನಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಬಹುಮಾನ ಪಡೆದು, ೨೦೧೬ರ ಮೇ ತಿಂಗಳಿನಲ್ಲಿ ಕರ್ನಾಟಕದ ಚಿತ್ರಮಂದಿರಗಳಿಗೆ ಬಂದಿತು. ಮೈಸೂರಿಗೆ ಒಂದು ಗಂಟೆಯ ದಾರಿಯಲ್ಲಿರುವ ಜಿಲ್ಲೆಯ ಮಾತು ಆಲ್ಪ್ಸ್ ಪರ್ವತವನ್ನು ಸುತ್ತಿಕೊಂಡು ಮೈಸೂರಿಗೆ ಬರಬೇಕಾಯಿತು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಗೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ಅದಕ್ಕೆ ಲೊಕಾರ್ನೊ ದೊರೆಯಿತು. ಲೊಕಾರ್ನೊ ದೊರೆಯದವುಗಳ ಗತಿಯೇನು?

ಈ ಅನ್ಯಾಯಕ್ಕೆ ಪರಿಹಾರವು ಪ್ರಚಾರವನ್ನು ಹಳಿಯುವುದರಲ್ಲಿಲ್ಲ. ಧನವುಳ್ಳವನು ಕಾಲವನ್ನು ಕೊಳ್ಳಬಲ್ಲನು, ಧನವಿಲ್ಲದವನು ಕೊಳ್ಳಲಾರನು ಎಂಬುದೇ ರೋಗವಾದರೆ, ಧನವಿಲ್ಲದವನಿಗೂ ಕಾಲ ದೊರೆಯುವಂತೆ ಮಾಡುವುದು ಚಿಕಿತ್ಸೆ. ಕನ್ನಡನಾಡಿನಲ್ಲಿ ಇದಕ್ಕೆ ಮೇಲ್ಪಂಕ್ತಿಯಿಲ್ಲದೆ ಇಲ್ಲ. ಕೆ. ವಿ. ಸುಬ್ಬಣ್ಣನವರು ಮಲೆನಾಡಿನ ಹೆಗ್ಗೋಡಿನಲ್ಲಿ ೧೯೭೩ರಲ್ಲಿ ನೀನಾಸಂ ಚಿತ್ರಸಮಾಜವನ್ನು ಆರಂಭಿಸಿ, ಅಡಕೆ ಬೆಳೆಯುವ ಹಳ್ಳಿಗರಿಗೆ ಸತ್ಯಜಿತ್ ರಾಯ್, ಕುರೊಸಾವಾ ಮೊದಲಾದವರ ಚಿತ್ರಗಳನ್ನು ತೋರಿಸಿದರು. ಇಂತಹ ಚಿತ್ರಗಳು ಹಳ್ಳಿಯವರಿಗೆ ಅರ್ಥವಾಗವೆಂಬುದು ಪೇಟೆಯ ಸಿದ್ಧಾಂತವಾಗಿದ್ದಿತು. ಹಳ್ಳಿಯವರು ಆ ಸಿದ್ಧಾಂತವನ್ನು ಓದಿರಲಿಲ್ಲ, ಕುಳಿತು ನೋಡಿದರು. ೨೦೧೩ರ ‘ಲೂಸಿಯ’ ಚಿತ್ರಕ್ಕೆ ಪವನ್‌ಕುಮಾರರು ಸುಮಾರು ಐವತ್ತು ಲಕ್ಷ ರೂಪಾಯಿಗಳನ್ನು ಪ್ರೇಕ್ಷಕರಿಂದಲೇ ಕೂಡಿಸಿದರು. ಹಣ ಹಾಕಿದ ಪ್ರೇಕ್ಷಕನು ಚಿತ್ರ ಮುಗಿಯುವ ಮೊದಲೇ ಅದರ ಸುದ್ದಿಯನ್ನೂ ಹೊತ್ತನು. ಮಾಡುವವನು, ಮುಟ್ಟಿಸುವವನು, ನೋಡುವವನು ಎಂಬ ಮೂರು ಪಾತ್ರಗಳ ನಡುವಿನ ಗೋಡೆಯು ಅಷ್ಟರಮಟ್ಟಿಗೆ ತಗ್ಗಿತು.

ಆದುದರಿಂದ ಈ ವಿವಾದದಲ್ಲಿ ಮೂರನೆಯವನೂ ನ್ಯಾಯಸ್ಥಾನಕ್ಕೆ ಬರಬೇಕು, ಅವನೇ ಪ್ರೇಕ್ಷಕ. ‘ಒಳ್ಳೆಯ ಚಿತ್ರಗಳೇ ಬರುವುದಿಲ್ಲ’ ಎಂದು ಜಗಲಿಯ ಮೇಲೆ ಕುಳಿತು ಹೇಳುವವನು, ಬಂದಾಗ ‘ಮುಂದೆ ಮನೆಯಲ್ಲಿಯೇ ನೋಡಿದರಾಯಿತು’ ಎಂದು ಸುಮ್ಮನಿದ್ದರೆ, ಆ ಚಿತ್ರದ ಎರಡನೆಯ ವಾರವನ್ನು ಕಸಿದುಕೊಂಡವರಲ್ಲಿ ಅವನೂ ಒಬ್ಬನು. ಮೈಸೂರಿನ ಶಾಂತಲಾ ಚಿತ್ರಮಂದಿರವು ೨೦೨೦ರಲ್ಲಿ ಬಾಗಿಲು ಮುಚ್ಚಿದಾಗ ಅನೇಕರು ಮರುಗಿದರು. ಮರುಗಿದವರಲ್ಲಿ ಆ ವರ್ಷಕ್ಕೆ ಹಿಂದಿನ ವರ್ಷಗಳಲ್ಲಿ ಅಲ್ಲಿ ಟಿಕೀಟು ಕೊಂಡವರು ಎಷ್ಟು ಮಂದಿಯೆಂಬುದು ಅವರವರ ಮನಸ್ಸಿಗೆ ಗೊತ್ತು.

ಕಡೆಯದಾಗಿ, ಗೆಲವೆಂಬ ಮಾತನ್ನೇ ಒಮ್ಮೆ ತಿರುಗಿಸಿ ನೋಡಬೇಕು. ಮುಟ್ಟಿಸುವುದೆಂದರೆ ಊರಿನಿಂದ ಊರಿಗೆ ಮುಟ್ಟಿಸುವುದು ಮಾತ್ರವಲ್ಲ, ತಲೆಮಾರಿನಿಂದ ತಲೆಮಾರಿಗೆ ಮುಟ್ಟಿಸುವುದೂ ಹೌದು. ‘ಸತಿ ಸುಲೋಚನ’ವು ತನ್ನ ಕಾಲದಲ್ಲಿ ಗೆದ್ದ ಚಿತ್ರ, ಮೊದಲನೆಯದೆಂಬ ಕೀರ್ತಿಯನ್ನು ಇಂದಿಗೂ ಹೊತ್ತಿರುವ ಚಿತ್ರ. ಆದರೆ ಅದರ ಪ್ರತಿಯೊಂದೂ ಇಂದು ದೊರೆಯದು. ಕೊಲ್ಲಾಪುರದಲ್ಲಿ ಪಟ್ಟ ಶ್ರಮ, ಬೆಂಗಳೂರಿನಲ್ಲಿ ನೆರೆದ ಜನ, ಎರಡೂ ಇದ್ದುವು. ಮುಂದಿನವರಿಗೆಂದು ಒಂದು ಡಬ್ಬವನ್ನು ಜೋಪಾನಮಾಡಿದವರು ಇರಲಿಲ್ಲ. ಮಾಡಿದವನೂ ತನ್ನ ಪಾಲನ್ನು ಸಲ್ಲಿಸಿದನು, ಹಂಚಿದವನೂ ತನ್ನ ಪಾಲನ್ನು ಸಲ್ಲಿಸಿದನು, ಆದರೂ ಚಿತ್ರವು ಉಳಿಯಲಿಲ್ಲ. ಪೊನ್ನನ ಪುರಾಣವಾದರೋ ಸಾವಿರ ವರ್ಷಗಳ ಬಳಿಕವೂ ಓದುವವನ ಕೈಗೆ ಸಿಕ್ಕುವುದು. ಅತ್ತಿಮಬ್ಬೆಯು ಆ ಸಾವಿರ ಪ್ರತಿಗಳಿಂದ ಗಳಿಸಿದ ಲಾಭವೆಷ್ಟೆಂದು ಯಾರೂ ಲೆಕ್ಕ ಹಾಕಲಿಲ್ಲ, ಅವಳೂ ಹಾಕಿರಲಾರಳು. ಕನ್ನಡ ಚಿತ್ರವು ಇಂದು ಸಾವಿರ ತೆರೆಗಳಿಗೆ ಒಂದೇ ದಿನ ಹೋಗಬಲ್ಲುದು. ಅದಕ್ಕೆ ಬೇಕಾದ ಜಾಣರು ಬೇಕಾದಷ್ಟು ಮಂದಿ ಇರುವರು. ಅತ್ತಿಮಬ್ಬೆಯ ಕೆಲಸಕ್ಕೆ ಮಾತ್ರ ಇನ್ನೂ ಜನ ಬೇಕಾಗಿದ್ದಾರೆ.